ಗುಂಡಿಗೆ ಬಣ್ಣದ ಅಂಗಿ: ಓದುಗರ ಪ್ರಶ್ನೆ, ವರ್ಕ್‌ಶಾಪ್ ಉತ್ತರ

ಈ ಸಲದ ಪತ್ರಗಳಲ್ಲಿ ಎಂದಿನ ಹಾಗೆ ಗೇಟು, ಗ್ರಿಲ್ಲು, ಅಲಾಯ್ ವೀಲು ಎಲ್ಲಾ ಇದಾವೆ, ಆದ್ರೆ ಒಂದು ಪತ್ರ ಅಮೆರಿಕದಿಂದ ಬಂದಿದೆ. ಇಪ್ಪತ್ತಾರು ವರ್ಷ ಪೀಣ್ಯದಲ್ಲಿ ಪೌಡರ್ ಕೋಟಿಂಗ್, ಅಂದ್ರೆ ಲೋಹಕ್ಕೆ ಒಣ ಬಣ್ಣದ ಪುಡಿ ಹಿಡಿಸಿ ಓವನ್ನಲ್ಲಿ ಬೇಯಿಸಿ ಗಟ್ಟಿ ಮಾಡೋ ಕೆಲಸ, ಮಾಡ್ಕೊಂಡು ಬಂದೋನು ನಾನು, ಫ್ಯಾನಿನ ರೆಕ್ಕೆಯಿಂದ ಹಿಡಿದು ದೇವಸ್ಥಾನದ ಬ್ಯಾರಿಕೇಡ್ ತನಕ ಮಾಡಿದೀನಿ, ಬಂದೂಕಿನ ಗುಂಡಿಗೆ ಕೋಟ್ ಮಾಡೋದು ಹೇಗೆ ಅಂತ ಮಾತ್ರ ಯಾರೂ ಕೇಳಿರ್ಲಿಲ್ಲ. ಅದಕ್ಕೇ ಅರ್ಧಕ್ಕಿಂತ ಜಾಸ್ತಿ ಜಾಗ ಅವರಿಗೇ ಹೋಗಿದೆ, ಗೇಟಿನವರು ಬೇಜಾರು ಮಾಡ್ಕೋಬೇಡಿ, ಕೊನೇಲಿ ಇದೀರ.

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆ ಕಡೆಯವನು, ಈಗ ಟೆಕ್ಸಸ್‌ನ ಡಲ್ಲಾಸ್ ಹತ್ರ ಇದೀನಿ, ಎಚ್-1ಬಿ ವೀಸಾದಲ್ಲಿ. ಪಕ್ಕದ ಮನೇಲಿ ರಿಟೈರ್ ಆದ ಒಬ್ಬ ಅಜ್ಜ ಇದಾರೆ, ಅವರು ಗ್ಯಾರೇಜಲ್ಲಿ ಹಳೇ ಸೀಸ ಕರಗಿಸಿ ಅಚ್ಚಿಗೆ ಹೊಯ್ದು ತಮ್ಮ ಪಿಸ್ತೂಲಿಗೆ ಬುಲೆಟ್ ಮಾಡ್ಕೋತಾರೆ, ಆಮೇಲೆ ಅದಕ್ಕೆ ಕೆಂಪು ಹಸಿರು ಪೌಡರ್ ಕೋಟ್ ಮಾಡಿ ಟೋಸ್ಟರ್ ಓವನ್ನಲ್ಲಿ ಬೇಯಿಸ್ತಾರೆ. ನೋಡೋಕೆ ಮಿಠಾಯಿ ಥರ ಇರುತ್ತೆ. ಅವರು ಶನಿವಾರ ಬಾ ಕಲಿಸ್ತೀನಿ ಅಂದಿದಾರೆ. ಇದೇನು ನಿಜವಾಗ್ಲೂ ಕೆಲಸ ಮಾಡುತ್ತಾ, ಬಣ್ಣ ಇದ್ರೆ ಸೀಸ ಮುಟ್ಟಿದ್ರೂ ಪರವಾಗಿಲ್ಲ ಅಂತಾರಲ್ಲ ಅದು ಸರೀನಾ? ಇನ್ನೊಂದು, ಒಂದು ಸಲ ಅವರ ಓವನ್ನಲ್ಲಿ ಗುಂಡೆಲ್ಲ ಮೇಣದ ಥರ ಕುಸಿದುಬಿಟ್ಟಿತ್ತು, ಯಾಕೆ? ಅವರು ಹಳೇ ಓವನ್ ನಮಗೆ ಕೊಡ್ತೀನಿ ಅಂತಿದಾರೆ, ನನ್ನ ಹೆಂಡತಿ ಅದ್ರಲ್ಲಿ ಬದನೆಕಾಯಿ ಸುಟ್ಕೊಂಡು ಗೊಜ್ಜು ಮಾಡ್ಬಹುದು, ಮನೆ ಒಳಗೆ ಸುಟ್ರೆ ಸ್ಮೋಕ್ ಅಲಾರಂ ಹೊಡ್ಕೊಳುತ್ತೆ ಅಂತಾಳೆ. ನಮಗೆ ಎರಡು ವರ್ಷದ ಮಗು ಇದೆ. ಹೆಸರು ಹಾಕ್ಬೇಡಿ.

ಉತ್ತರ: ಮೊದಲು ಬದನೆಕಾಯಿ. ಬೇಡ. ಆ ಓವನ್ನು ಇನ್ಯಾವತ್ತೂ ಅಡುಗೆಗೆ ಬರಲ್ಲ, ಎಷ್ಟು ತೊಳೆದ್ರೂ ಬರಲ್ಲ, ಪುಕ್ಕಟೆ ಸಿಕ್ರೂ ಬೇಡ. ನಿಮ್ಮ ಮನೆಯವರಿಗೆ ಪತ್ರಿಕೇಲಿ ಬಂದಿದೆ ಅಂತ ತೋರಿಸಿ. ಕಾರಣ ಆಮೇಲೆ ಹೇಳ್ತೀನಿ.

ಈ ವಿಷಯದಲ್ಲಿ ನನಗೆ ಮಾತಾಡೋಕೆ ಹಕ್ಕು ಇದೆಯಾ ಅಂತ ನೀವು ಕೇಳ್ಬಹುದು. ಪೌಡರ್ ನನ್ನ ಕಸುಬು. ಸೀಸ ನಮ್ಮಪ್ಪನ ಕಸುಬು, ಅವರು ಬೆಂಗಳೂರಲ್ಲಿ ಒಂದು ಟೈಪ್ ಫೌಂಡ್ರಿಲಿ ಪ್ರಿಂಟಿಂಗ್ ಪ್ರೆಸ್ಸಿನ ಅಚ್ಚುಮೊಳೆ ಎರಕ ಹೊಯ್ಯೋರು. ಇನ್ನು ಗುಂಡಿನ ಕಥೆ ಅಂದ್ರೆ ನನ್ನ ಅಕ್ಕನ ಮಗ ಅರಿಜೋನಾದಲ್ಲಿದಾನೆ, ಅಲ್ಲೇ ಸಿಟಿಜನ್ ಆಗಿದಾನೆ, ಅವನಿಗೂ ಇದೇ ಹುಚ್ಚು, 2019ರಲ್ಲಿ ಅವನ ಮನೇಲಿ ಎರಡೂವರೆ ತಿಂಗಳು ಇದ್ದಾಗ ಗ್ಯಾರೇಜಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಎಲ್ಲಾ ನೋಡಿದೀನಿ, ಕೈ ಹಾಕ್ಬೇಡ ಮಾವ ಅಂದ್ರೂ ನಾಲ್ಕು ತಪ್ಪು ಹುಡುಕಿ ಹೇಳಿದೀನಿ.

ಯಾಕೆ ಕೋಟ್ ಮಾಡ್ತಾರೆ ಅಂದ್ರೆ, ಸೀಸ ಮೆತ್ತಗಿನ ಲೋಹ, ಉಗುರಲ್ಲಿ ಗೀರಿದ್ರೂ ಗೆರೆ ಬೀಳುತ್ತೆ. ಬರೀ ಸೀಸದ ಗುಂಡು ನಳಿಗೆ ಒಳಗೆ ಜೋರಾಗಿ ಉಜ್ಕೊಂಡು ಹೋಗುವಾಗ, ಹಿಂದಿಂದ ಬಿಸಿ ಗ್ಯಾಸ್ ಬೇರೆ ಒತ್ತುತ್ತಲ್ಲ, ಅಲ್ಲಿ ಸ್ವಲ್ಪ ಸೀಸ ಒಳಗೋಡೆಗೆ ಮೆತ್ಕೊಳುತ್ತೆ. ಅದು ಕೂತು ಕೂತು ಗುರಿ ಕೆಡುತ್ತೆ, ಕೆರೆದು ತೆಗೆಯೋದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಹಿಂದೆ ಗುಂಡಿನ ಸುತ್ತ ಇರೋ ಕಾಲುವೇಲಿ ಜೇನುಮೇಣ ಸೇರಿಸಿದ ಗ್ರೀಸ್ ತುಂಬೋರು, ಅದು ಕೈಗೆಲ್ಲ ಜಿಡ್ಡು, ಹೊಡೆದಾಗ ಹೊಗೆ. ಫ್ಯಾಕ್ಟರಿ ಗುಂಡಿಗೆ ತಾಮ್ರದ ಕವಚ ಇರುತ್ತೆ, ಸ್ವಿಟ್ಜರ್ಲೆಂಡಿನ ಎಡುವರ್ಡ್ ರೂಬಿನ್ ಅನ್ನೋ ಮಿಲಿಟರಿ ಅಧಿಕಾರಿ 1882ರಲ್ಲಿ ಮಾಡಿದ್ದು ಅದು. ಮನೇಲಿ ಎರಕ ಹೊಯ್ಯೋನಿಗೆ ತಾಮ್ರ ಹೊದಿಸೋಕೆ ಆಗಲ್ಲ, ಅದಕ್ಕೆ ನಮ್ಮ ಗ್ರಿಲ್ಲಿಗೆ ಹೊಡೆಯೋ ಪಾಲಿಯೆಸ್ಟರ್ ಪೌಡರನ್ನೇ ತಂದು ಅಂಗಿ ತೊಡಿಸಿದ. ಆ ಅಂಗಿ ನಳಿಗೆಗೂ ಸೀಸಕ್ಕೂ ಮಧ್ಯೆ ನಿಲ್ಲುತ್ತೆ, ಗ್ರೀಸ್ ಬೇಡ, ಹೊಗೆ ಕಮ್ಮಿ. ಇಷ್ಟರ ಮಟ್ಟಿಗೆ ನಿಮ್ಮ ಅಜ್ಜ ಹೇಳಿದ್ದು ನೂರಕ್ಕೆ ನೂರು ಸರಿ, ಕೆಲಸ ಮಾಡುತ್ತೆ.

ಹೇಗೆ ಅಂಟುತ್ತೆ ಅನ್ನೋದು ನನಗೆ ಮಜಾ ಅನ್ಸಿದ್ದು. ನಮ್ಮಲ್ಲಿ ಸ್ಪ್ರೇ ಗನ್ ಇರುತ್ತೆ, 60ರಿಂದ 100 ಕಿಲೋವೋಲ್ಟ್ ಕೊಟ್ಟು ಪುಡಿಗೆ ಚಾರ್ಜ್ ಮಾಡ್ತೀವಿ, ಕಬ್ಬಿಣಕ್ಕೆ ಅರ್ಥಿಂಗ್ ಕೊಡ್ತೀವಿ, ಪುಡಿ ಓಡಿ ಬಂದು ಕೂತ್ಕೊಳುತ್ತೆ. ನನ್ನ ಅಳಿಯ ಅದೇನೂ ಇಲ್ದೆ ಮೊಸರಿನ ಡಬ್ಬಿ ಥರದ್ದೊಂದು ಪ್ಲಾಸ್ಟಿಕ್ ಡಬ್ಬಿ ತಗೊಂಡ, ಅದ್ರಲ್ಲಿ ಆಟದ ಗನ್ನಿಗೆ ಹಾಕೋ 6 ಮಿಲಿಮೀಟರಿನ ಪ್ಲಾಸ್ಟಿಕ್ ಮಣಿ ಒಂದು ಹಿಡಿ, ಮೇಲೆ ಸೀಸದ ಗುಂಡು, ಒಂದು ಚಮಚ ಪುಡಿ, ಮುಚ್ಚಳ ಹಾಕಿ ಮಂಡಕ್ಕಿ ಕಲಸೋ ಥರ ಒಂದು ನಿಮಿಷ ಗರಗರ ತಿರುಗಿಸಿದ, ತೆಗೆದು ನೋಡಿದ್ರೆ ಗುಂಡೆಲ್ಲ ಅರಿಶಿನ ಬಳ್ಕೊಂಡ ಹಾಗೆ ಸಮವಾಗಿ ಪುಡಿ ಹಿಡಿದಿದೆ. ಸ್ಕೂಲಲ್ಲಿ ಬಾಚಣಿಗೆ ಕೂದಲಿಗೆ ಉಜ್ಜಿ ಕಾಗದದ ಚೂರು ಎತ್ತುತಿದ್ವಲ್ಲ, ಅದೇ ವಿದ್ಯುತ್ತು. ಆದ್ರೆ ಅರಿಜೋನಾ ಒಣಹವೆ, ಅಲ್ಲಿ ಚೆನ್ನಾಗಿ ಆಗುತ್ತೆ, ಸೆಕೆ ಜಾಸ್ತಿ ಇದ್ದು ಗಾಳೀಲಿ ತೇವ ಇದ್ರೆ ಚಾರ್ಜ್ ನಿಲ್ಲಲ್ಲ, ಪೀಣ್ಯದಲ್ಲಿ ಜುಲೈ ತಿಂಗಳು ಬಂತು ಅಂದ್ರೆ ನಮ್ಮ ಗನ್ನಲ್ಲೇ ಪುಡಿ ಗಂಟು ಗಂಟಾಗಿ ಉಗುಳೋದು. ನಿಮ್ಮ ಅಜ್ಜನಿಗೆ ಕೆಲವು ದಿನ ಬೋಳು ಬೋಳಾಗಿ ಬರ್ತಿದ್ರೆ ಕಾರಣ ಇದೇ ಇರುತ್ತೆ, ಇಲ್ಲಾ ಗುಂಡಿನ ಮೇಲೆ ಎಣ್ಣೆ ಜಿಡ್ಡಿರುತ್ತೆ.

ಈಗ ಕುಸಿದಿದ್ದು ಯಾಕೆ. ಪಾಲಿಯೆಸ್ಟರ್ ಪೌಡರ್ ಗಟ್ಟಿಯಾಗೋಕೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬೇಕು, ನಮ್ಮ ಲೆಕ್ಕ ಲೋಹ 200 ಮುಟ್ಟಿದ ಮೇಲೆ ಹತ್ತು ನಿಮಿಷ, ಅಮೆರಿಕದವರು 400 ಫ್ಯಾರನ್‌ಹೀಟ್ ಇಟ್ಟು ಒಟ್ಟು ಇಪ್ಪತ್ತು ನಿಮಿಷ ಅಂತಾರೆ, ಎರಡೂ ಹೆಚ್ಚುಕಮ್ಮಿ ಒಂದೇ. ಶುದ್ಧ ಸೀಸ ಕರಗೋದು 327 ಡಿಗ್ರಿಗೆ. ಹಾಗಾದ್ರೆ ನೂರಿಪ್ಪತ್ತು ಡಿಗ್ರಿ ಅಂತರ ಇದೆಯಲ್ಲ ಅಂತೀರಿ. ಎಡವೋದು ಅಲ್ಲೇ. ಯಾರೂ ಶುದ್ಧ ಸೀಸ ಹೊಯ್ಯಲ್ಲ, ಗಟ್ಟಿ ಬರ್ಲಿ ಅಂತ ತವರ, ಆಂಟಿಮನಿ ಸೇರಿರೋ ಹಳೇ ಮಾಲು ಹಾಕ್ತಾರೆ. ಹಳೇ ಪ್ರೆಸ್ಸುಗಳ ಲೈನೋಟೈಪ್ ಮಷೀನಿನ ಅಚ್ಚುಲೋಹ ಅಮೆರಿಕದಲ್ಲಿ ಈ ಮಂದಿಗೆ ಚಿನ್ನ ಇದ್ದ ಹಾಗೆ, ಅದ್ರಲ್ಲಿ 84 ಭಾಗ ಸೀಸ, 12 ಆಂಟಿಮನಿ, 4 ತವರ, ಅದು 240 ಡಿಗ್ರಿ ಹತ್ತಿರಕ್ಕೇ ಕರಗಿಬಿಡುತ್ತೆ. ಇನ್ನು ರೇಡಿಯೋ ಬೆಸುಗೆ ಹಾಕೋ ಸೋಲ್ಡರ್, 63 ತವರ 37 ಸೀಸದ್ದು, 183 ಡಿಗ್ರಿಗೇ ನೀರಾಗುತ್ತೆ. ಸೋಲ್ಡರ್ ತುಂಡು ಧಾರಾಳವಾಗಿ ಬಿದ್ದಿದ್ರೆ ಅಂಚು ಅಲ್ಲೇ ಮೆತ್ತಗಾಗುತ್ತೆ. ಅದ್ರ ಮೇಲೆ ಟೋಸ್ಟರ್ ಓವನ್ನಿನ ಥರ್ಮೋಸ್ಟಾಟ್ ನಂಬೋ ಹಾಗಿಲ್ಲ, ಡಯಲ್ 400 ಫ್ಯಾರನ್‌ಹೀಟ್ ಅಂತ ತೋರಿಸುತ್ತೆ, ಒಳಗೆ 360ಕ್ಕೂ 470ಕ್ಕೂ ಉಯ್ಯಾಲೆ ಆಡ್ತಿರುತ್ತೆ, ಕೆಂಪಗಾದ ಕಾಯಿಲ್ ಹತ್ರ ಇರೋ ಸಾಲಿಗೆ ನೇರ ಝಳ ಹೊಡೆಯುತ್ತೆ. ಅಳಿಯನ ಓವನ್ನಲ್ಲಿ ನಾನು ಹುಡುಕಿದ ಮೊದಲನೇ ತಪ್ಪು ಅದೇ, ಹಿಂದಿನ ಸಾಲು ಯಾವಾಗ್ಲೂ ಕಂದು ಆಗ್ತಿತ್ತು. ಒಂದು ಓವನ್ ಥರ್ಮಾಮೀಟರ್ ಒಳಗೆ ನೇತು ಹಾಕಿದ್ವಿ, ಕಾಯಿಲ್ಲಿಗೆ ಅಡ್ಡ ಒಂದು ತಗಡು ಇಟ್ವಿ, ಮೊದಲೇ ಓವನ್ ಕಾಯಿಸಿ ಏರಿಳಿತ ನಿಂತ ಮೇಲೆ ತಟ್ಟೆ ಒಳಗೆ ಇಟ್ವಿ, ಸರಿ ಹೋಯ್ತು.

ಬೆಂದಿದೆಯಾ ಇಲ್ವಾ ನೋಡೋಕೆ ನಮ್ಮ ಶಾಪಿನ ಎರಡು ಪರೀಕ್ಷೆ ಅವರಲ್ಲೂ ಇದೆ. ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜೋದು, ಬಣ್ಣ ಬಟ್ಟೆಗೆ ಹತ್ತಿದ್ರೆ ಹಸಿ. ಇನ್ನೊಂದು ಸುತ್ತಿಗೆ. ಸೀಸದ ಗುಂಡನ್ನ ಕಬ್ಬಿಣದ ಮೇಲಿಟ್ಟು ಚಪಾತಿ ಆಗೋ ತನಕ ಕುಟ್ಟಿ, ಚೆನ್ನಾಗಿ ಬೆಂದಿದ್ರೆ ಬಣ್ಣ ಸೀಸದ ಜೊತೇನೇ ಅಗಲ ಆಗುತ್ತೆ, ಚಕ್ಕೆ ಏಳಲ್ಲ. ಅಳಿಯ ನನ್ನ ಮುಂದೆ ಕುಟ್ಟಿ ತೋರಿಸಿದ ಹಸಿರು ಗುಂಡು ಒಂದು ರೂಪಾಯಿ ನಾಣ್ಯದಷ್ಟು ಅಗಲ ಆಯ್ತು, ಒಂದು ಬಿರುಕಿಲ್ಲ, ನಮ್ಮ ಗ್ರಾಹಕರಿಗೆ ಕೊಟ್ಟ ಎಷ್ಟೋ ಗ್ರಿಲ್ಲಲ್ಲಿ ನಾನು ಆ ಅಂಟು ನೋಡಿಲ್ಲ ಅಂತ ಒಪ್ಕೋತೀನಿ. ಕೋಟ್ ಆದ್ಮೇಲೆ ಗುಂಡಿನ ದಪ್ಪ ಸ್ವಲ್ಪ ಏರುತ್ತೆ, ಇಂಚಿನ ಸಾವಿರದ ಒಂದೆರಡು ಭಾಗ, ಅದಕ್ಕೆ ಆಮೇಲೆ ಅಳತೆಯ ಡೈ ಒಳಗೆ ತಳ್ಳಿ ಸೈಜ್ ಮಾಡ್ಕೋತಾರೆ. ಮದ್ದು ಎಷ್ಟು ತುಂಬೋದು ಅನ್ನೋ ಲೆಕ್ಕ ನನ್ನ ಅಂಗಡಿಯ ಮಾಲಲ್ಲ, ಕೇಳ್ಬೇಡಿ.

ಈಗ ನಿಜವಾದ ಪ್ರಶ್ನೆ, ಬಣ್ಣ ಇದ್ರೆ ಸೀಸ ಪರವಾಗಿಲ್ವಾ. ಕೋಟ್ ಆದ ಗುಂಡನ್ನ ಕೈಯಲ್ಲಿ ಹಿಡಿಯೋದು ಬರೀ ಸೀಸ ಹಿಡಿಯೋದಕ್ಕಿಂತ ವಾಸಿ, ಅದು ನಿಜ. ಆದ್ರೆ ಕೋಟ್ ಬರೋದು ಕೊನೇಲಿ. ಅದಕ್ಕೆ ಮುಂಚೆ ಹಳೇ ಸೀಸ ಆರಿಸಿದ್ದು, ಕರಗಿಸಿದ್ದು, ಮೇಲೆ ತೇಲೋ ಬೂದಿ ಥರದ ಕಿಟ್ಟ ತೆಗೆದಿದ್ದು, ಬರಿಗೈಯಲ್ಲಿ ಗುಂಡು ಸೋಸಿದ್ದು, ಎಲ್ಲಾ ಬಣ್ಣ ಇಲ್ದೇ ಆಗಿರುತ್ತೆ. ಜನ ಹೊಗೆಗೆ ಹೆದರ್ತಾರೆ, ನಿಜ ಹೇಳ್ಬೇಕು ಅಂದ್ರೆ ಎರಕದ ಮಾಮೂಲಿ ಶಾಖಕ್ಕೆ ಸೀಸ ಆವಿಯಾಗೋದು ತೀರಾ ಕಮ್ಮಿ, ಅಪಾಯ ಇರೋದು ಆ ಕಿಟ್ಟದ ಧೂಳಲ್ಲಿ. ಹಿಟ್ಟಿನ ಥರ ನಯವಾಗಿರುತ್ತೆ, ಪ್ಯಾಂಟಿಗೆ ಕೂರುತ್ತೆ, ಚಪ್ಪಲಿಗೆ ಕೂರುತ್ತೆ, ಆ ಚಪ್ಪಲಿ ಮನೆ ಒಳಗೆ ಬರುತ್ತೆ, ಕಾರ್ಪೆಟ್ ಮೇಲೆ ಅಂಬೆಗಾಲು ಇಡೋ ಮಗು ಕೈ ಬಾಯಿಗೆ ಹಾಕ್ಕೊಳುತ್ತೆ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕಿದ್ರೆ ಇನ್ನಷ್ಟು ಗಾಳಿಗೆ ಹಾರಿಸುತ್ತೆ, ಒದ್ದೆ ಬಟ್ಟೇಲೇ ಒರೆಸ್ಬೇಕು. ಟೋಸ್ಟರ್ ಓವನ್ನಿನ ಕಥೆನೂ ಅದೇ, ಸೀಸದ ಧೂಳು, ಹಾರಿದ ಪುಡಿ, ಬೇಯುವಾಗ ಬಂದ ಆವಿ ಎಲ್ಲಾ ಒಳಗೋಡೇಲಿ ಹಿಡಿದಿರುತ್ತೆ. ಗೊಜ್ಜಿಗೆ ಅದು ಒಗ್ಗರಣೆ ಅಲ್ಲ.

ಸೀಸ ದೇಹದಲ್ಲಿ ಕ್ಯಾಲ್ಸಿಯಂ ವೇಷ ಹಾಕ್ಕೊಂಡು ಮೂಳೆ ಸೇರುತ್ತೆ, ಅಲ್ಲಿ ವರ್ಷಗಟ್ಟಲೆ ಕೂರುತ್ತೆ. ಮಕ್ಕಳಲ್ಲಿ ಮಿದುಳಿನ ಬೆಳವಣಿಗೆಗೇ ಪೆಟ್ಟು, ಇಷ್ಟಿದ್ರೆ ಸೇಫ್ ಅನ್ನೋ ಮಟ್ಟ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದಲ್ಲಿ ಎಚ್ಚರಿಕೆಯ ಮಟ್ಟವನ್ನ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಇದ್ದಿದ್ದನ್ನ 3.5ಕ್ಕೆ ಇಳಿಸಿತು. ನೀವು ಒಂದು ಶನಿವಾರ ಅಲ್ಲಿ ಕೂತು ಬಂದ್ರೂ ಬಟ್ಟೆ ಬೇರೆಯಾಗಿ ಒಗೀರಿ, ಚಪ್ಪಲಿ ಹೊರಗೆ ಬಿಡಿ, ಕೈ ಮುಖ ಸೋಪು ಹಾಕಿ ತೊಳೆದ ಮೇಲೇ ಮಗು ಎತ್ಕೊಳ್ಳಿ, ಅಲ್ಲಿ ಕಾಫಿ ಕೊಟ್ರೆ ಹೊರಗೆ ಬಂದು ಕುಡೀರಿ. ಮಗುವಿನ ಡಾಕ್ಟರ್ ಹತ್ರ ಲೆಡ್ ಟೆಸ್ಟ್ ಕೇಳಿದ್ರೆ ಬರೆದುಕೊಡ್ತಾರೆ, ಅಲ್ಲಿ ಅದು ಮಾಮೂಲಿ. ನಮ್ಮ ಕಡೆ ಅಂದ್ರೆ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಅವರು ಇದ್ರ ಹಿಂದೆ ಬಿದ್ದು ಬಿದ್ದು ಸೀಸದ ವಿಷಕ್ಕಂತಲೇ ಒಂದು ರಾಷ್ಟ್ರೀಯ ಕೇಂದ್ರ ಕಟ್ಟಿದ್ರು, ಭಾರತದ ಲೆಡ್ ಮ್ಯಾನ್ ಅಂತಲೇ ಅವರನ್ನ ಕರೀತಾರೆ.

ನಮ್ಮಪ್ಪನ ಫೌಂಡ್ರಿಲಿ ದಿನಾ ಒಂದು ಲೋಟ ಹಾಲು, ಒಂದು ಉಂಡೆ ಬೆಲ್ಲ ಕೊಡೋರು, ಹಾಲು ಕುಡಿದ್ರೆ ಸೀಸ ಇಳಿಯುತ್ತೆ ಅಂತ ನಂಬಿಕೆ. ಮಾಸ್ಕಿಲ್ಲ, ಗ್ಲೌಸಿಲ್ಲ, ಹಾಲು ಇತ್ತು. ಒಂದು ಮಳೆಗಾಲ ಗೋಣಿಚೀಲದಲ್ಲಿ ನೆನೆದು ಬಂದಿದ್ದ ಸವೆದ ಅಚ್ಚುಮೊಳೆಗಳನ್ನ ಯಾರೋ ಹಾಗೇ ಕುದಿಯೋ ಕುಲುಮೆಗೆ ಸುರಿದ್ರಂತೆ, ಒಳಗೆ ಸಿಕ್ಕ ನೀರು ಒಂದೇ ಕ್ಷಣದಲ್ಲಿ ಆವಿಯಾಗಿ ಪಟಾಕಿ ಥರ ಸಿಡಿದು ಸೀಸ ಸೂರಿಗೆ ಹಾರಿತು, ಅಪ್ಪನ ಎಡಗೈ ಮೇಲೆ ಮೂರು ಕಡೆ ಬೆಳ್ಳಿ ಬಿಲ್ಲೆ ಅಂಟಿಸಿದ ಹಾಗೆ ಕೂತ್ಕೊಂಡಿತ್ತು, ಕಿತ್ತಾಗ ಚರ್ಮ ಜೊತೇಲೇ ಬಂತು. ಆ ಮೂರು ಕಲೆ ಚಿಕ್ಕವನಿದ್ದಾಗ ನಾನು ಎಣಿಸ್ತಿದ್ದೆ. ಅಜ್ಜನ ಗ್ಯಾರೇಜಿಗೆ ಹೋದ್ರೆ ಮೊದಲು ನೋಡಿ, ಪಾತ್ರೆ ಹತ್ರ ನೀರಿನ ಬಾಟ್ಲಿ, ಒದ್ದೆ ಚಿಮಟ, ಹೊರಗೆ ಮಳೇಲಿ ಬಿದ್ದಿದ್ದ ಗುಜರಿ ಏನಾದ್ರೂ ಇದೆಯಾ ಅಂತ. ಇದ್ರೆ ನಮಸ್ಕಾರ ಹಾಕಿ ವಾಪಸ್ ಬನ್ನಿ.

ಪೌಡರಿನ ಬಗ್ಗೆನೂ ಒಂದು ಮಾತು. ಹೊರಗೆ ಬಳಸೋ ಎಷ್ಟೋ ಪಾಲಿಯೆಸ್ಟರ್ ಪುಡಿಲಿ ಟಿಜಿಐಸಿ ಅನ್ನೋ ಗಟ್ಟಿಕಾರಕ ಇರುತ್ತೆ, ಅದು ಒಳ್ಳೇದಲ್ಲ, ಯುರೋಪಲ್ಲಿ ಅದನ್ನ ವಿಷದ ಪಟ್ಟಿಗೆ ಸೇರಿಸಿದ ಮೇಲೆ ಅಲ್ಲಿನ ಕಂಪನಿಗಳು ಬೇರೆದಕ್ಕೆ ಹೋದ್ವು. ಡಬ್ಬಿ ಮುಚ್ಚಳ ತೆಗೆಯುವಾಗ ಮೋಡ ಏಳುತ್ತಲ್ಲ, ಆಗ ಮೂಗಿಗೆ ಮಾಸ್ಕ್ ಇರ್ಲಿ, ಹತ್ರದಲ್ಲಿ ಬೆಂಕಿ ಇರ್ಬಾರ್ದು, ಗಾಳೀಲಿ ತೇಲೋ ಪುಡಿ ಭಗ್ ಅಂತ ಹತ್ಕೊಳುತ್ತೆ.

ಇಷ್ಟೆಲ್ಲ ಆದ್ಮೇಲೆ ನಾನು ನಿಮಗೆ ಹೇಳೋದು ಇನ್ನೊಂದಿದೆ, ನಿಮ್ಮ ಪತ್ರದಲ್ಲಿ ನೀವು ಕೇಳ್ದೇ ಇರೋದು. ನೀವು ಎಚ್-1ಬಿ ಅಂದ್ರಿ. ಅಳಿಯನಿಗೆ ಫೋನ್ ಮಾಡಿ ಕೇಳಿದೆ, ಅವನು ವೀಸಾ ಕಾಲದಲ್ಲಿ ಈ ವಿಷಯದಲ್ಲಿ ವಕೀಲರ ಹತ್ರ ದುಡ್ಡು ಕೊಟ್ಟು ತಿಳ್ಕೊಂಡಿದ್ದ. ಅಮೆರಿಕದ ಫೆಡರಲ್ ಕಾನೂನಲ್ಲಿ ನಾನ್-ಇಮಿಗ್ರೆಂಟ್, ಅಂದ್ರೆ ತಾತ್ಕಾಲಿಕ, ವೀಸಾದಲ್ಲಿ ಇರೋರು ಬಂದೂಕಾಗಲಿ ಅಮ್ಯುನಿಷನ್, ಅಂದ್ರೆ ಮದ್ದುಗುಂಡಾಗಲಿ ಇಟ್ಕೊಳ್ಳೋ ಹಾಗಿಲ್ಲ, ಎಚ್-1ಬಿ ಅದೇ ಗುಂಪು. ಕೆಲವು ವಿನಾಯಿತಿ ಇದಾವೆ, ಅದ್ರಲ್ಲಿ ಒಂದು, ಯಾವುದಾದ್ರೂ ರಾಜ್ಯದ ಚಾಲ್ತಿ ಇರೋ ಬೇಟೆ ಲೈಸೆನ್ಸು. ಅಮ್ಯುನಿಷನ್ ಅಂದ್ರೆ ಪೂರ್ತಿ ತೋಟಾ ಮಾತ್ರ ಅಂತ ತಿಳ್ಕೋಬೇಡಿ, ಆ ಕಾನೂನಿನ ವ್ಯಾಖ್ಯೆಲಿ ಬರೀ ಬುಲೆಟ್ಟೂ ಅಮ್ಯುನಿಷನ್ನೇ, ತೋಟಾದ ಖಾಲಿ ಕೇಸೂ, ಮದ್ದಿಗೆ ಕಿಡಿ ಹೊತ್ತಿಸೋ ಪ್ರೈಮರೂ, ಮದ್ದೂ ಸೇರುತ್ತೆ. ಅಂದ್ರೆ ಅಜ್ಜ ಪ್ರೀತಿಯಿಂದ ಒಂದು ಡಬ್ಬಿ ಹಸಿರು ಗುಂಡು ಕೊಟ್ರೆ, ನಿಮ್ಮ ಹತ್ರ ಬಂದೂಕೇ ಇಲ್ದಿದ್ರೂ, ಅದು ನಿಮ್ಮ ಗ್ರೀನ್ ಕಾರ್ಡಿಗೆ ಮುಳ್ಳಾಗ್ಬಹುದು. ಮುಟ್ಟೋಕೆ ಮುಂಚೆ ಇಮಿಗ್ರೇಷನ್ ವಕೀಲರಿಗೆ ಒಂದು ಫೋನ್ ಮಾಡಿ. ಅಜ್ಜನಿಗೆ ಆ ಚಿಂತೆ ಇಲ್ಲ, ಅಲ್ಲಿ ಸ್ವಂತಕ್ಕೆ ಮಾಡ್ಕೊಳ್ಳೋರಿಗೆ ಫೆಡರಲ್ ಲೈಸೆನ್ಸ್ ಬೇಡ, ಮಾರೋ ವ್ಯಾಪಾರಕ್ಕೆ ಮಾತ್ರ ಬೇಕು. ಹಾಗೇ ಊರಿಗೆ ಬರುವಾಗ ಅಣ್ಣನ ಮಕ್ಕಳಿಗೆ ತೋರಿಸೋಣ ಅಂತ ಒಂದನ್ನೂ ಬ್ಯಾಗಲ್ಲಿ ಹಾಕ್ಕೋಬೇಡಿ, ಏರ್‌ಪೋರ್ಟ್ ಸ್ಕ್ಯಾನರಿಗೆ ಅದು ಮಿಠಾಯಿ ಥರ ಕಾಣಲ್ಲ.

ನೋಡೋಕೆ ಹೋಗಿ, ದೂರ ನಿಂತು ನೋಡಿ, ಒಳ್ಳೇ ಕೈಚಳಕ. ಮಗು ಬೇಡ.

ಅವರದೇ ಇನ್ನೊಂದು ಸಾಲು: ಕ್ಯಾಲಿಫೋರ್ನಿಯಾದಲ್ಲಿ ನನ್ನ ಫ್ರೆಂಡ್ ಒಬ್ಬ ಇದಾನೆ, ಅಲ್ಲಿ ಬೇಟೆಗೆ ಸೀಸ ಬ್ಯಾನ್ ಅಂತಾನೆ, ಪೌಡರ್ ಕೋಟ್ ಆದ್ರೆ ನಡೆಯುತ್ತೆ ಅಂತ ಅಜ್ಜ ಅಂತಾರೆ.

ಉತ್ತರ: ನಡೆಯಲ್ಲ. ಅಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ, ಮೇಲೆ ಏನೇ ಬಳಿದ್ರೂ ಒಳಗೆ ಸೀಸ ಇದ್ರೆ ಸೀಸವೇ. ಕಾರಣ ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನೋ ಭಾರಿ ರಣಹದ್ದು, 1982ರಲ್ಲಿ ಭೂಮಿ ಮೇಲೆ ಉಳಿದಿದ್ದು ಬರೀ 22. ಬೇಟೆಗಾರ ಬಿಟ್ಟು ಹೋದ ಕರುಳು ಮಾಂಸ ತಿಂದು, ಅದ್ರಲ್ಲಿರೋ ಸೀಸದ ಚೂರು ಹೊಟ್ಟೇಲಿ ಕರಗಿ ಸಾಯ್ತಾವೆ. ಗುಂಡು ಮೂಳೆಗೆ ಬಡಿದು ಚೂರಾದಾಗ ನಮ್ಮ ಬಣ್ಣದ ಅಂಗಿ ಹರಿದು ಹೋಗಿರುತ್ತೆ, ಹಕ್ಕಿಗೆ ಸಿಗೋದು ಬೆತ್ತಲೆ ಸೀಸ. ಅಲ್ಲಿ ಕಾರಿನ ಚಕ್ರಕ್ಕೆ ಹೊಡೆಯೋ ಸೀಸದ ಬ್ಯಾಲೆನ್ಸ್ ತೂಕವನ್ನೂ 2010ರಿಂದ ನಿಲ್ಲಿಸಿದಾರೆ. ಎರಕದವರಿಗೆ ಪುಕ್ಕಟೆ ಸೀಸ ಸಿಗ್ತಿದ್ದಿದ್ದೇ ಆ ಟೈರ್ ಅಂಗಡಿ ಬಕೆಟ್ಟಿಂದ, ಈಗ ಅದ್ರಲ್ಲಿ ಸತುವಿನ ತೂಕ ಬೆರೆತಿರುತ್ತೆ, ಸತು ಕರಗೋದು 419 ಡಿಗ್ರಿಗೆ, ಶಾಖ ಮಿತೀಲಿ ಇಟ್ರೆ ಮೇಲೆ ತೇಲುತ್ತೆ ಎತ್ತಿ ಹಾಕ್ಬಹುದು, ಮರೆತು ಜಾಸ್ತಿ ಮಾಡಿದ್ರೆ ಕರಗಿ ಬೆರೆತು ಇಡೀ ಪಾತ್ರೆ ಮಾಲು ಗಂಜಿ ಆಗುತ್ತೆ. ಅಜ್ಜನಿಗೆ ಇದು ಗೊತ್ತಿರುತ್ತೆ ಬಿಡಿ.

ಪ್ರಶ್ನೆ: ಮಡಿಕೇರಿಯಿಂದ ಬರೀತಿದೀನಿ. ನಮ್ಮ ಮನೇಲಿ ತಾತನ ಕಾಲದ ಜೋಡಿ ನಳಿಗೆ ಕೋವಿ ಇದೆ, ಕೈಲ್‌ಪೊಳ್ದ್ ಹಬ್ಬಕ್ಕೆ ಹೂವು ಇಟ್ಟು ಪೂಜೆ ಮಾಡ್ತೀವಿ. ನಳಿಗೆ ಮೇಲೆ ತುಕ್ಕು ಹತ್ತಿದೆ. ಕುಶಾಲನಗರದಲ್ಲಿ ಬೈಕಿಗೆ ಪೌಡರ್ ಕೋಟ್ ಮಾಡೋ ಅಂಗಡಿ ಇದೆ, ಕಪ್ಪು ಮ್ಯಾಟ್ ಮಾಡಿಸಬಹುದಾ? ಹಾಗೇ ವೀಡಿಯೋದಲ್ಲಿ ಮನೇಲೇ ಸೀಸದ ಗುಂಡು ಎರಕ ಹೊಯ್ದು ಕೋಟ್ ಮಾಡೋದು ನೋಡಿದೆ, ನಮಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಮಾಡ್ಬಹುದಲ್ವಾ?

ಉತ್ತರ: ಎರಡಕ್ಕೂ ಬೇಡ, ಮೊದಲನೇದಕ್ಕೆ ದಯವಿಟ್ಟು ಬೇಡ. ಜೋಡಿ ನಳಿಗೆ ಕೋವಿಲಿ ಎರಡು ನಳಿಗೆ ಮಧ್ಯೆ ಉದ್ದಕ್ಕೆ ಪಟ್ಟಿ ಇದೆ ನೋಡಿ, ಹಳೇ ಕೋವಿಗಳಲ್ಲಿ ಅದನ್ನ ಹೆಚ್ಚಾಗಿ ತವರ-ಸೀಸದ ಮೆತ್ತನೆ ಬೆಸುಗೇಲಿ ಕೂರಿಸಿರ್ತಾರೆ, ಮೇಲೆ ಹೇಳಿದ ಅದೇ 183 ಡಿಗ್ರಿ ಕಥೆ. ಬೈಕ್ ಅಂಗಡಿಯವನು 200 ಡಿಗ್ರಿ ಓವನ್ನಲ್ಲಿ ನೇತು ಹಾಕಿ ಚಾ ಕುಡಿದು ಬರೋಷ್ಟರಲ್ಲಿ ಪಟ್ಟಿ ಬಿಟ್ಕೊಂಡಿರುತ್ತೆ, ನಿಮ್ಮ ತಾತನ ಕೋವಿ ಎರಡು ಪೈಪು ಆಗಿರುತ್ತೆ. ಅದಕ್ಕಿಂತ ಮುಂಚೆ ತುಕ್ಕು ಬಿಡಿಸೋಕೆ ಅಂತ ಆಸಿಡ್ ತೊಟ್ಟಿಗೆ ಮುಳುಗಿಸಿ ಎತ್ತಿರ್ತಾನೆ, ಒಳಗೋಡೆ ತಿಂದಿರುತ್ತೆ. ಲೈಸೆನ್ಸ್ ಇರೋ ಕೋವಿ ರಿಪೇರಿಯವರ ಹತ್ರ ಹೋಗಿ, ಅವರು ಎಣ್ಣೆ, ನಯವಾದ ಸ್ಟೀಲ್ ಉಣ್ಣೆ ಹಾಕಿ ನಿಧಾನಕ್ಕೆ ತೆಗೀತಾರೆ. ಹಳೇ ಕಪ್ಪು ಹೊಳಪು ಅರ್ಧ ಹೋಗಿದ್ರೂ ಅದೇ ಅದ್ರ ಚೆಂದ.

ಎರಡನೇದು. ಕೊಡವರಿಗೆ, ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಇರೋ ವಿನಾಯಿತಿ ಕೋವಿ ಇಟ್ಕೊಳ್ಳೋಕೆ, ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿ ಹಿಡಿದಿದೆ. ಮದ್ದುಗುಂಡು ತಯಾರಿಸೋಕೆ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತಯಾರಿಕೆಗೆ ಬೇರೆ ಲೈಸೆನ್ಸು, ಅದಿಲ್ದೆ ಮಾಡಿದ್ರೆ 2019ರ ತಿದ್ದುಪಡಿ ಆದ್ಮೇಲೆ ಕನಿಷ್ಠ ಏಳು ವರ್ಷ, ಜೀವಾವಧಿ ತನಕ ಹೋಗ್ಬಹುದು. ವೀಡಿಯೋದವನು ಅಮೆರಿಕದಲ್ಲಿ ಕೂತಿದಾನೆ, ನೀವು ಮಡಿಕೇರಿಲಿ. ತೋಟೆ ಬೇಕಾದ್ರೆ ಲೈಸೆನ್ಸ್ ಇರೋ ಅಂಗಡೀಲಿ ಬಿಲ್ ಹಾಕಿಸಿ ತಗೊಳ್ಳಿ.

ಪ್ರಶ್ನೆ: ಕುಂದಾಪುರದವ ನಾನು. ಬೀಸುಬಲೆ ಅಂಚಿಗೆ ಕಟ್ಟೋ ಸೀಸದ ಗುಂಡಿಗೆ ಪೌಡರ್ ಕೋಟ್ ಮಾಡಿದ್ರೆ ಕೈ ಕಪ್ಪಾಗೋದು ತಪ್ತದಾ? ಬಲೆ ಸಮೇತ ಓವನ್ನಲ್ಲಿ ಇಡ್ಬಹುದಾ?

ಉತ್ತರ: ಬಲೆ ಸಮೇತ ಇಟ್ರೆ ಬಲೆ ಹೋಯ್ತು ಅಂತ ಲೆಕ್ಕ, ನೈಲಾನ್ ದಾರ 200 ಡಿಗ್ರಿಗೆ ಕರಗದೇ ಇದ್ರೂ ಜೀವ ಕಳ್ಕೊಂಡಿರುತ್ತೆ, ಮೊದಲನೇ ಬೀಸಿಗೇ ತುಂಡಾಗುತ್ತೆ. ಕಟ್ಟೋಕೆ ಮುಂಚೆನೇ ಕೋಟ್ ಮಾಡ್ಬೇಕು. ಗಾಳದ ಸೀಸಕ್ಕೆ ವಿದೇಶದಲ್ಲಿ ಸುಲಭ ದಾರಿ ಮಾಡ್ಕೊಂಡಿದಾರೆ, ಗುಂಡನ್ನ ಮೊದಲೇ ಬಿಸಿ ಮಾಡಿ ಪುಡಿಲಿ ಒಂದು ಸಲ ಅದ್ದಿ ತೆಗೆಯೋದು, ಪುಡಿ ಅಲ್ಲೇ ಕರಗಿ ಹತ್ಕೊಳುತ್ತೆ, ಆಮೇಲೆ ಓವನ್ನಲ್ಲಿ ಬೇಯಿಸೋದು. ದಾರ ಹೋಗೋ ತೂತಿಗೆ ತಂತಿ ಸಿಕ್ಕಿಸಿಟ್ಕೊಳ್ಳಿ, ಇಲ್ದಿದ್ರೆ ತೂತು ಮುಚ್ಚಿ ಹೋಗುತ್ತೆ. ಕೈ ಕಪ್ಪಾಗೋದು ತಪ್ಪುತ್ತೆ, ಆದ್ರೆ ಬಂಡೆ ಮೇಲೆ ಉಜ್ಜೋ ಬಲೆಗೆ ಅದು ಒಂದು ಮಳೆಗಾಲ ಬಂದ್ರೆ ಹೆಚ್ಚು.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಸೀಸದ ಮಣಿಯನ್ನ ದಾರದ ಮೇಲೆ ಹಲ್ಲಲ್ಲಿ ಕಚ್ಚಿ ಬಿಗಿ ಮಾಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಹತ್ತು ರೂಪಾಯಿ ಇಕ್ಕಳ ಸಿಗಲ್ಲ ಒಪ್ಪಿದೆ, ಐವತ್ತಕ್ಕೆ ಸಿಗುತ್ತೆ. ಇಂಗ್ಲೆಂಡಲ್ಲಿ ಹಂಸಗಳು ಈ ಮಣಿ ನುಂಗಿ ಸಾಯ್ತಿದ್ವು ಅಂತ 1987ರಲ್ಲೇ ಗಾಳದ ಸಣ್ಣ ಸೀಸ ನಿಷೇಧ ಮಾಡಿದ್ರು.

ಪ್ರಶ್ನೆ: ಹುಬ್ಬಳ್ಳಿ. ಗೇಟಿಗೆ ಪೌಡರ್ ಕೋಟ್ ಮಾಡಿಸಿ ಎರಡು ವರ್ಷ ಆಗಿಲ್ರಿ, ಬೆಸುಗೆ ಜಾಗದಾಗ ಹಪ್ಪಳ ಎದ್ದಂಗ ಎದ್ದೈತಿ, ಬಿಸಿಲಿನ ಕಡೆ ಸುಣ್ಣದ ಪುಡಿ ಉದುರತೈತಿ. ಅಂಗಡಿಯಾವ ಬಿಸಿಲಿಂದ ತಪ್ಪು ಅಂತಾನ.

ಉತ್ತರ: ಬಿಸಿಲಿನ ತಪ್ಪಲ್ಲ. ಸುಣ್ಣದ ಥರ ಉದುರ್ತಿದೆ ಅಂದ್ರೆ ಒಳಗಿನ ಸಾಮಾನಿಗೆ ಹೊಡೆಯೋ ಎಪಾಕ್ಸಿ ಪುಡೀನೋ, ಎಪಾಕ್ಸಿ ಬೆರೆಸಿದ್ದೋ ಹೊಡೆದಿದಾನೆ, ಅದು ಅಗ್ಗ, ಹೊರಗಿನ ಗೇಟಿಗೆ ಪಾಲಿಯೆಸ್ಟರೇ ಆಗ್ಬೇಕು. ಹಪ್ಪಳ ಎದ್ದಿದ್ದು ಬೆಸುಗೆ ಮೇಲಿನ ಕಪ್ಪು ಚಕ್ಕೆ ಕೆರೆಯದೇ, ಫಾಸ್ಫೇಟಿಂಗ್, ಅಂದ್ರೆ ಬಣ್ಣ ಹಿಡಿಯೋಕೆ ಕಬ್ಬಿಣವನ್ನ ಫಾಸ್ಫೇಟ್ ತೊಟ್ಟೀಲಿ ಅದ್ದೋದು, ಮಾಡ್ದೇ ಹೊಡೆದಿದ್ದಕ್ಕೆ. ಪೂರ್ತಿ ಬಿಡಿಸಿ ಮತ್ತೆ ಮಾಡಿಸ್ಬೇಕು, ಮೇಲೇ ಇನ್ನೊಂದು ಕೋಟ್ ಹೊಡೀತೀನಿ ಅಂದ್ರೆ ಒಪ್ಪಬ್ಯಾಡ್ರಿ. ಈ ಸಲ ಗೇಟು ಓವನ್ನಿಗೆ ಹೋಗೋ ಮುಂಚೆ ನೀವೇ ಹೋಗಿ ನಿಂತು ನೋಡಿ, ಫಾಸ್ಫೇಟ್ ಆದ ಕಬ್ಬಿಣ ಹೊಳೆಯಲ್ಲ, ಮಾಸಲು ಬೂದಿ ಬಣ್ಣ ಇರುತ್ತೆ, ಪಳಪಳ ಅಂತಿದ್ರೆ ಅವನು ತೊಟ್ಟಿಗೆ ಹಾಕೇ ಇಲ್ಲ.